ಆ ಮಳೆ ಯಾರ ಮೇಲೆ ಬಿತ್ತು?

ಸಿನಿಮಾ ಮುಗಿದು ಥಿಯೇಟರಿನಿಂದ ಹೊರಗೆ ಬರುವಾಗ ಜನ ಏನು ಮಾತಾಡುತ್ತಾರೆ ಅನ್ನೋದನ್ನು ನೀವೂ ಕೇಳಿಸಿಕೊಂಡಿರುತ್ತೀರಿ. ‘ಕ್ಯಾಮರಾ ಕೆಲಸ ಸೂಪರ್.’ ‘ಏನ್ ಆಕ್ಟಿಂಗ್ ಮಾರಾಯ!’ ಆಮೇಲೆ ಸ್ವಲ್ಪ ತಡೆದು, ‘ಆದ್ರೆ ಯಾಕೋ ಮನಸ್ಸಿಗೆ ಇಳೀಲಿಲ್ಲ.’ ಕೊಡಗಿನಲ್ಲಿ ಕಿರುಚಿತ್ರ ಮಾಡುವ ನಿಮ್ಮ ಮುಂದೆ ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ‘ಆದ್ರೆ’ ಬಗ್ಗೆ.

ಇಂಥ ಸಿನಿಮಾಗಳನ್ನು ನಾವು ಹತ್ತನೇ ಕ್ಲಾಸಿನ ಅಂಕಪಟ್ಟಿ ನೋಡಿದ ಹಾಗೆ ನೋಡುತ್ತೇವೆ. ನಟನೆಗೆ 90, ಛಾಯಾಗ್ರಹಣಕ್ಕೆ 95, ಕಥೆಗೆ 35. ಕೂಡಿಸಿ ನೋಡಿದರೆ ಫಸ್ಟ್ ಕ್ಲಾಸ್ ಬಂತಲ್ಲ, ಮತ್ತೇನು ಬೇಕು ಅಂತ. ಈ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಕಥೆ ಹೇಳುವುದು ಕುಸಿದರೆ ಅದೊಂದೇ ಕುಸಿಯುವುದಿಲ್ಲ. ನಟರ ಶ್ರಮವನ್ನೂ ಕ್ಯಾಮರಾದವರ ಶ್ರಮವನ್ನೂ ತನ್ನ ಜೊತೆಗೇ ಎಳೆದುಕೊಂಡು ಬೀಳುತ್ತದೆ. ನಟರ ಮೇಲೆ, ಕ್ಯಾಮರಾ ಹಿಡಿಯುವವರ ಮೇಲೆ ನನಗೆ ತುಂಬಾ ಪ್ರೀತಿ. ಅದಕ್ಕೇ ಈ ವಿಷಯ ನನ್ನನ್ನು ಇಷ್ಟು ಕಾಡುವುದು.

ಇದು ಹೇಗೆ ಆಗುತ್ತದೆ ಅನ್ನೋದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಸುಮಾರು ನೂರು ವರ್ಷದ ಹಿಂದಿನದು. ರಷ್ಯಾದಲ್ಲಿ ಲೆವ್ ಕುಲೆಶೋವ್ ಅಂತ ಒಬ್ಬ ನಿರ್ದೇಶಕ ಇದ್ದರು, ಸಿನಿಮಾ ಪಾಠವನ್ನೂ ಮಾಡುತ್ತಿದ್ದರು. ಅವರು ಮೊಸ್ಜೂಕಿನ್ ಅನ್ನುವ ಆ ಕಾಲದ ಹೆಸರಾಂತ ನಟನ ಮುಖದ ಒಂದು ಶಾಟ್ ತೆಗೆದುಕೊಂಡರು. ಮುಖದಲ್ಲಿ ಹೇಳಿಕೊಳ್ಳುವಂಥ ಭಾವ ಏನೂ ಇಲ್ಲ. ಆ ಮುಖದ ಪಕ್ಕ ಒಂದು ಸಲ ಸೂಪಿನ ಬಟ್ಟಲು ಜೋಡಿಸಿದರು. ಇನ್ನೊಂದು ಸಲ ಶವಪೆಟ್ಟಿಗೆ. ಮತ್ತೊಂದು ಸಲ ಒಬ್ಬಳು ಹೆಂಗಸು. ನೋಡಿದವರು ನಟನನ್ನು ಹೊಗಳಿದ್ದೇ ಹೊಗಳಿದ್ದು ಅಂತ ಕಥೆ ಇದೆ. ಹಸಿವು ಎಷ್ಟು ಚೆನ್ನಾಗಿ ತೋರಿಸಿದ್ದಾನೆ, ದುಃಖ ಎಷ್ಟು ಆಳವಾಗಿದೆ, ಆಸೆ ಕಣ್ಣಲ್ಲೇ ಕಾಣುತ್ತದೆ! ಮೂರು ಸಲವೂ ಅದೇ ಮುಖ. ಬದಲಾಗಿದ್ದು ಅವನು ಏನನ್ನು ನೋಡುತ್ತಿದ್ದಾನೆ ಅಂತ ನಮಗೆ ಗೊತ್ತಾದ ಸಂಗತಿ ಮಾತ್ರ.

ಎಡಿಟಿಂಗ್ ಪಾಠ ಮಾಡುವವರು ಇದನ್ನು ಎಡಿಟಿಂಗ್‌ನ ಶಕ್ತಿ ಅನ್ನುತ್ತಾರೆ. ಸರಿಯೇ. ನನಗೆ ಇದರಲ್ಲಿ ಕಾಣುವುದು ಇನ್ನೊಂದು. ನಟನ ಮುಖದಲ್ಲಿ ನಾವು ಓದುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮಗೆ ಮೊದಲೇ ಗೊತ್ತಿರುವ ವಿಷಯ. ಇವನಿಗೆ ಏನು ಬೇಕು, ಯಾಕೆ ಸಿಗುತ್ತಿಲ್ಲ, ಸಿಗದಿದ್ದರೆ ಏನು ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಆತ ಸುಮ್ನೆ ಕೂತರೂ ನಮಗೆ ಗಂಟಲು ಕಟ್ಟುತ್ತದೆ. ಇದ್ಯಾವುದೂ ಗೊತ್ತಿಲ್ಲದಿದ್ದರೆ ಆತ ಎದೆ ಬಡಿದುಕೊಂಡು ಅತ್ತರೂ ‘ಚೆನ್ನಾಗಿ ಅಳ್ತಾನೆ’ ಅಂತ ಹೇಳಿ ಸುಮ್ಮನಾಗುತ್ತೇವೆ.

ಇದನ್ನೇ ಈಗ ನಮ್ಮ ಕೊಡಗಿಗೆ ತಂದು ನೋಡೋಣ. ಕಾಫಿ ತೋಟದ ಮೇಲೆ ಜೋರು ಮಳೆ. ಸಿಲ್ವರ್ ಮರಗಳ ನಡುವೆ ಮಂಜು, ಎಲೆ ತುದಿಯಿಂದ ಇಳಿಯುತ್ತಿರುವ ನೀರು. ಇಷ್ಟೇ ಶಾಟ್. ಈ ಮಳೆ ಮಾರ್ಚ್ ತಿಂಗಳದ್ದು ಅಂದುಕೊಳ್ಳಿ. ಗಿಡ ಮೊಗ್ಗು ಹಿಡಿದು ನಿಂತಿದೆ, ತೋಟದವರು ದಿನಾ ಆಕಾಶ ನೋಡುತ್ತಿದ್ದಾರೆ. ಆಗ ಬಿದ್ದರೆ ಅದು ಹೂ ಮಳೆ. ಇನ್ನು ಎಂಟು ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗಾಗುತ್ತದೆ, ಆ ವಾಸನೆ ಮನೆ ಒಳಗೆಲ್ಲ ಬರುತ್ತದೆ. ಇದೇ ಮಳೆ ಡಿಸೆಂಬರ್ ಕೊನೆಯಲ್ಲಿ ಬಂತು ಅಂದುಕೊಳ್ಳಿ. ಕೊಯ್ದ ಹಣ್ಣು ಕಣದಲ್ಲಿ ಒಣಗುತ್ತಿದೆ. ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡಬೇಕು. ಓಡಿದರೂ ಎಷ್ಟು ಉಳಿಯುತ್ತದೋ ಹೇಳೋಕಾಗಲ್ಲ. ಇನ್ನು ಇದೇ ಮಳೆ 2018ರ ಆಗಸ್ಟಿನದ್ದು ಅಂತ ಇಟ್ಟುಕೊಳ್ಳಿ. ಅವತ್ತು ಗುಡ್ಡ ಕುಸಿದ ಮಕ್ಕಂದೂರು, ಜೋಡುಪಾಲದ ಹೆಸರು ಹೇಳಿದರೆ ಸಾಕು, ಇಲ್ಲಿ ಕೂತಿರುವ ಯಾರಿಗೂ ವಿವರಿಸಬೇಕಾಗಿಲ್ಲ.

ಶಾಟ್ ಒಂದೇ. ಲೆನ್ಸ್ ಒಂದೇ, ಬೆಳಕು ಒಂದೇ. ಒಂದು ಮಳೆಗೆ ಮನೆಯಲ್ಲಿ ಖುಷಿ, ಇನ್ನೊಂದಕ್ಕೆ ನಷ್ಟ, ಮತ್ತೊಂದಕ್ಕೆ ರಾತ್ರಿಯಿಡೀ ನಿದ್ದೆ ಇಲ್ಲ. ಅದು ಯಾವ ಮಳೆ ಅಂತ ಕ್ಯಾಮರಾ ತಾನಾಗಿ ಹೇಳಲಾರದು. ಮಳೆ ಬೀಳುವ ಮೊದಲು ಆ ಮನೆಯವರ ಬಗ್ಗೆ ನಮಗೆ ಏನು ಹೇಳಿದ್ದೀರಿ ಅನ್ನೋದು ಅದನ್ನು ತೀರ್ಮಾನ ಮಾಡುತ್ತದೆ.

ಕೊಡಗಿಗೆ ಬಂದು ಶೂಟಿಂಗ್ ಮಾಡುವ ಎಷ್ಟೋ ಸಿನಿಮಾಗಳಲ್ಲಿ ನನಗೆ ಬೇಜಾರಾಗುವುದು ಇಲ್ಲೇ. ಮಳೆ ಬೀಳುತ್ತದೆ, ಯಾರ ಮೇಲೂ ಬೀಳುವುದಿಲ್ಲ. ಮಂಜು ಬರುತ್ತದೆ, ಯಾರ ದಾರಿಯನ್ನೂ ಮುಚ್ಚುವುದಿಲ್ಲ. ಮಾಂದಲಪಟ್ಟಿ ಗುಡ್ಡದ ಮೇಲೆ ಡ್ರೋನ್ ಹಾರುತ್ತದೆ, ಕೆಳಗೆ ನಿಂತವನು ಅಲ್ಲಿಗೆ ಯಾಕೆ ಬಂದ ಅಂತ ಕೊನೆವರೆಗೂ ಗೊತ್ತಾಗುವುದಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಡಿಕೇರಿಯ ರಾಜಾಸೀಟಿನಲ್ಲಿ ತಿರುಗಿದ ಹೀರೋ ಮುಂದಿನ ಶಾಟಿನಲ್ಲಿ ಚಿಕ್ಕಮಗಳೂರಲ್ಲಿ ಇರುತ್ತಾನೆ ಅಂತ ನಮ್ಮೋರು ತುಂಬಾ ಬೈಯುತ್ತಾರೆ. ಅದು ನನ್ನ ತಕರಾರಲ್ಲ. ಸಿನಿಮಾದ ಊರು ನಕ್ಷೆಯ ಊರೇ ಆಗಬೇಕು ಅಂತ ಏನಿಲ್ಲ. ಅವನು ಯಾಕೆ ತಿರುಗಿದ ಅನ್ನೋದು ಗೊತ್ತಾದರೆ ಯಾವ ಊರಲ್ಲಿ ಬೇಕಾದರೂ ತಿರುಗಲಿ.

ಈಗ ಒಂದು ದೊಡ್ಡ ಉದಾಹರಣೆ ತೆಗೆದುಕೊಳ್ಳೋಣ. ಚಿಕ್ಕ ಸಿನಿಮಾ ಹಿಡಿದು ಬೈಯುವುದು ಸುಲಭ, ಅದರಲ್ಲಿ ನ್ಯಾಯ ಇಲ್ಲ. 2010ರಲ್ಲಿ ಮಣಿರತ್ನಂ ಒಂದೇ ಕಥೆಯನ್ನು ಒಟ್ಟೊಟ್ಟಿಗೆ ಎರಡು ಭಾಷೆಯಲ್ಲಿ ತೆಗೆದರು. ಹಿಂದಿಯಲ್ಲಿ ‘ರಾವಣ್’, ತಮಿಳಿನಲ್ಲಿ ‘ರಾವಣನ್’. ಕ್ಯಾಮರಾ ಸಂತೋಷ್ ಶಿವನ್ ಮತ್ತು ಮಣಿಕಂಡನ್ ಅವರದು. ಕೇರಳದ ಅದಿರಪಳ್ಳಿ ಜಲಪಾತ, ಒದ್ದೆ ಬಂಡೆ, ಕಾಡು, ಮಳೆ. ಇಷ್ಟು ಸುಂದರವಾಗಿ ನೀರನ್ನು ಚಿತ್ರಿಸಿದ ಭಾರತೀಯ ಸಿನಿಮಾ ಕಡಿಮೆ ಅಂತಲೇ ನಾನು ಹೇಳುತ್ತೇನೆ. ಹಿಂದಿಯಲ್ಲಿ ಅಪಹರಿಸುವವನ ಪಾತ್ರ ಅಭಿಷೇಕ್ ಬಚ್ಚನ್‌ದು, ಪೊಲೀಸ್ ಅಧಿಕಾರಿಯ ಪಾತ್ರ ವಿಕ್ರಮ್‌ದು. ತಮಿಳಿನಲ್ಲಿ ವಿಕ್ರಮ್ ಈ ಕಡೆಯಿಂದ ಆ ಕಡೆಗೆ ಹೋಗಿ ಅಪಹರಿಸುವವನಾದರು, ಪೊಲೀಸ್ ಅಧಿಕಾರಿಯಾಗಿ ಪೃಥ್ವಿರಾಜ್ ಬಂದರು. ಅಪಹರಣವಾಗುವ ಆ ಅಧಿಕಾರಿಯ ಹೆಂಡತಿಯಾಗಿ ಐಶ್ವರ್ಯಾ ರೈ ಎರಡರಲ್ಲೂ ಇದ್ದಾರೆ.

ನಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಾ? ಕಥೆ ಅದೇ, ಜಾಗ ಅದೇ, ನಿರ್ದೇಶಕರು ಅವರೇ. ನಟರು ಮಾತ್ರ ಬೇರೆ. ತಮಿಳಿನದು ಜನಕ್ಕೆ ಹೆಚ್ಚು ಹಿಡಿಸಿತು. ವಿಕ್ರಮ್ ಅಬ್ಬರವನ್ನೂ ನೋವನ್ನೂ ಒಂದೇ ಮೈಯಲ್ಲಿ ಹಿಡಿದಿಟ್ಟಿದ್ದಾರೆ, ನೋಡುತ್ತಾ ಕೂತರೆ ಕಣ್ಣು ತೆಗೆಯೋಕಾಗಲ್ಲ. ಆದರೂ ಎರಡೂ ಸಿನಿಮಾ ಒಂದೇ ಜಾಗದಲ್ಲಿ ಸೊರಗುತ್ತವೆ. ಎಲ್ಲಿ ಅಂತೀರಾ? ಇವನು ಆ ಹೆಂಗಸನ್ನು ಎತ್ತಿಕೊಂಡು ಹೋಗಿದ್ದು ಯಾಕೆ ಅನ್ನೋದು, ಅಂದರೆ ಅವನ ತಂಗಿಗೆ ಪೊಲೀಸರಿಂದ ಆದ ಅನ್ಯಾಯ, ನಮಗೆ ಗೊತ್ತಾಗುವುದು ಸಿನಿಮಾದ ಎರಡನೇ ಅರ್ಧದಲ್ಲಿ. ಅಲ್ಲಿವರೆಗೆ ಅವನು ಕೂಗುತ್ತಾನೆ, ನಗುತ್ತಾನೆ, ಬಂಡೆಯಿಂದ ಬಂಡೆಗೆ ಹಾರುತ್ತಾನೆ. ಅವನ ಕೋಪ ನಮಗೆ ಕಾಣುತ್ತದೆ, ಕೋಪದ ಬೇರು ಕಾಣುವುದಿಲ್ಲ. ಕಾರಣ ಗೊತ್ತಾಗುವ ಹೊತ್ತಿಗೆ ಅಷ್ಟು ದೊಡ್ಡ ನಟನೆಯ ಅರ್ಧ ಭಾಗ ನಮ್ಮ ಕಣ್ಣೆದುರೇ ದಾಟಿ ಹೋಗಿರುತ್ತದೆ. ಆ ತಂಗಿಯ ಮದುವೆಮನೆಯ ದೃಶ್ಯ ಮೊದಲ ಇಪ್ಪತ್ತು ನಿಮಿಷದಲ್ಲೇ ಬಂದಿದ್ದರೆ? ಅದೇ ಕೂಗು, ಅದೇ ನಗು, ಅದೇ ನೀರು ನಮಗೆ ಬೇರೆ ಥರ ಕಾಣುತ್ತಿತ್ತು. ರಹಸ್ಯ ಇಟ್ಟುಕೊಂಡರೆ ಕುತೂಹಲ ಹೆಚ್ಚುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಯಾವುದನ್ನು ಮುಚ್ಚಿಡುತ್ತೀರಿ ಅನ್ನೋದು ಮುಖ್ಯ. ಮುಂದೆ ಏನಾಗುತ್ತದೆ ಅನ್ನೋದನ್ನು ಮುಚ್ಚಿಡಿ. ಇವನಿಗೆ ಏನಾಗಿದೆ ಅನ್ನೋದನ್ನು ಮುಚ್ಚಿಟ್ಟರೆ ಅವನು ನಮಗೆ ಅಪರಿಚಿತನಾಗಿಯೇ ಉಳಿಯುತ್ತಾನೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕಥೆ ಸಣ್ಣದಾಗಿದ್ದರೆ ಅದು ದುರ್ಬಲ ಅಂತ ನಾನು ಹೇಳುತ್ತಿಲ್ಲ. ‘ಮುಂಗಾರು ಮಳೆ’ಯ ಕಥೆ ಎಷ್ಟು ದೊಡ್ಡದು? ಹುಡುಗ ಹುಡುಗಿಯನ್ನು ಇಷ್ಟಪಡುತ್ತಾನೆ, ಮದುವೆಗೆ ಅಂತ ಮಡಿಕೇರಿಗೆ ಬರುತ್ತಾನೆ, ಆ ಮದುವೆ ಅವಳದೇ. ಒಂದು ಸಾಲಿನಲ್ಲಿ ಮುಗಿಯಿತು. 2006ರ ಡಿಸೆಂಬರಿನಲ್ಲಿ ಬಂದ ಸಿನಿಮಾ, ಕೃಷ್ಣ ಅವರ ಕ್ಯಾಮರಾ, ನಮ್ಮ ಕಡೆಯ ಮಳೆ. ಜನ ಮಳೆ ನೋಡೋಕೆ ಹೋದರು, ಹಾಡು ಕೇಳೋಕೆ ಹೋದರು, ನಿಜ. ಆದರೆ ಕೊನೆಯ ಭಾಗ ನೆನಪು ಮಾಡಿಕೊಳ್ಳಿ. ಪ್ರೀತಮ್ ಧೈರ್ಯ ಮಾಡಿ ಹುಡುಗಿಯನ್ನು ಕೇಳೋಣ ಅಂತ ರಾತ್ರಿ ಅವಳ ಅಪ್ಪನ ಹತ್ತಿರ ಹೋಗುತ್ತಾನೆ. ಅನಂತನಾಗ್ ಮಾಡಿದ ಕರ್ನಲ್ ಸುಬ್ಬಯ್ಯ ಪಾತ್ರ. ಆ ಮನುಷ್ಯ ಇವನ ಹತ್ತಿರವೇ ತನ್ನ ಹೃದಯದ ಕಾಯಿಲೆ ಹೇಳಿಕೊಳ್ಳುತ್ತಾರೆ, ಮಗಳ ಮದುವೆ ಒಂದು ಆಗಿಬಿಟ್ಟರೆ ಸಾಕು ಅನ್ನುತ್ತಾರೆ. ಕೇಳೋಕೆ ಹೋದವನು ಬಾಯಿ ಮುಚ್ಚಿಕೊಂಡು ಬರಬೇಕಾಯಿತು. ಅಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದ ಹುಡುಗ ಅಲ್ಲಿ ಸುಮ್ಮನಾಗುತ್ತಾನೆ. ಆ ಮೌನ ಗಣೇಶ್ ಅವರ ನಟನೆಗೆ ಸಿಕ್ಕಿದ ದೊಡ್ಡ ಅವಕಾಶ. ಕಥೆ ಕೊಟ್ಟ ಅವಕಾಶ ಅದು.

ಆ ಸಿನಿಮಾ ಗೆದ್ದ ಮೇಲೆ ಬಂದ ಎಷ್ಟೋ ಸಿನಿಮಾಗಳು ಮಳೆಯನ್ನು ತೆಗೆದುಕೊಂಡವು, ಮಾತಿನ ಧಾಟಿ ತೆಗೆದುಕೊಂಡವು, ನಮ್ಮ ಗುಡ್ಡಗಳನ್ನೂ ತೆಗೆದುಕೊಂಡವು. ಆ ರಾತ್ರಿಯ ಮಾತುಕತೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಇನ್ನು ‘ತಿಥಿ’. ಮಂಡ್ಯದ ನೊದೆಕೊಪ್ಪಲು ಕಡೆಯ ಜನರೇ ನಟಿಸಿದ್ದು, ಯಾರೂ ನಟನೆ ಕಲಿತವರಲ್ಲ. ಕಣ್ಣು ಕುಕ್ಕುವ ಲೊಕೇಶನ್ ಒಂದೂ ಇಲ್ಲ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾರೆ. ಹನ್ನೊಂದನೇ ದಿನಕ್ಕೆ ತಿಥಿ ಆಗಬೇಕು. ಮೊಮ್ಮಗನಿಗೆ ಜಮೀನು ಮಾರಬೇಕು. ಜಮೀನು ಬರಬೇಕಾಗಿರುವುದು ಅವನ ಅಪ್ಪ ಗಡ್ಡಪ್ಪನಿಗೆ, ಗಡ್ಡಪ್ಪನಿಗೆ ಅದರ ಗೊಡವೆಯೇ ಬೇಡ. ಅಷ್ಟೇ. ಆ ಮೊಮ್ಮಗ ಬದುಕಿರುವ ಅಪ್ಪನ ಮರಣಪತ್ರ ಮಾಡಿಸೋಕೆ ಹೊರಟಾಗ ನಾವು ಕುರ್ಚಿಯ ತುದಿಗೆ ಬಂದು ಕೂತಿರುತ್ತೇವೆ. ಗಡ್ಡಪ್ಪ ಸುಮ್ನೆ ನಡೆದುಕೊಂಡು ಹೋಗುತ್ತಿದ್ದರೂ ನಮಗೆ ಎದೆ ಡವಗುಟ್ಟುತ್ತದೆ. ಆತ ಬದುಕಿದ್ದಾನೆ ಅಂತ ಯಾರಾದರೂ ಕಂಡರೆ? ನಡೆಯುವುದೇ ನಾಟಕವಾಯಿತು ನೋಡಿ. ಇದನ್ನು ಯಾವ ಡ್ರೋನ್ ಕೊಡುತ್ತದೆ?

ಮಾತು ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಬೇಕು ಅನ್ನಿಸುತ್ತಿದೆ. ಕಥೆ ಅಂದರೆ ಏನು ಅಂತ ವಿದ್ಯಾರ್ಥಿಗಳು ಕೇಳಿದಾಗ ನಾನು ಕಥೆಗಾರ್ತಿ ಕೊಡಗಿನ ಗೌರಮ್ಮನ ಬದುಕಿನ ಒಂದು ಘಟನೆ ಹೇಳುತ್ತೇನೆ. 1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ದೇಶ ಸುತ್ತುತ್ತಾ ಕೊಡಗಿಗೂ ಬಂದರು. ಗೌರಮ್ಮನ ಗಂಡ ಕೆಲಸ ಮಾಡುತ್ತಿದ್ದ ಕಾಫಿ ತೋಟದ ಮಾಲೀಕರ ಮನೆಯಲ್ಲಿ ಉಳಿದುಕೊಂಡಿದ್ದರು. ಗೌರಮ್ಮನಿಗೆ ಅವರು ತನ್ನ ಮನೆಗೂ ಬರಬೇಕು ಅಂತ ಆಸೆ. ಗಾಂಧೀಜಿಗೆ ಪುರುಸೊತ್ತಿಲ್ಲ. ಈಕೆ ಉಪವಾಸ ಕೂತರು. ಉಪವಾಸವನ್ನೇ ಅಸ್ತ್ರ ಮಾಡಿಕೊಂಡ ಮನುಷ್ಯನ ಎದುರು ಉಪವಾಸ! ಗಾಂಧೀಜಿ ಬರಲೇಬೇಕಾಯಿತು. ಬಂದರು, ಹಣ್ಣು ಕೊಟ್ಟು ಉಪವಾಸ ಬಿಡಿಸಿದರು. ಗೌರಮ್ಮ ಮೈಮೇಲಿನ ಒಡವೆ ಬಿಚ್ಚಿ ನಿಧಿಗೆ ಕೊಟ್ಟರು. ಆಗ ಅವರಿಗೆ ಇನ್ನೂ ಇಪ್ಪತ್ತೆರಡರ ಆಸುಪಾಸು. ಐದೇ ವರ್ಷದಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು.

ಈಗ ನಾನು ಹೇಳಿದ್ದರಲ್ಲಿ ಬೆಟ್ಟ ಇಲ್ಲ, ಮಂಜು ಇಲ್ಲ. ಗೌರಮ್ಮ ಹೇಗಿದ್ದರು ಅಂತ ವರ್ಣನೆಯೂ ಇಲ್ಲ. ಆದರೂ ನೀವೆಲ್ಲ ಕಿವಿಗೊಟ್ಟು ಕೇಳಿದಿರಿ. ಆಕೆಗೆ ಏನೋ ಬೇಕಿತ್ತು, ಅದು ಸುಲಭಕ್ಕೆ ಸಿಗುವಂಥದ್ದಲ್ಲ, ಅದಕ್ಕೆ ತನ್ನ ಕಡೆಯಿಂದ ಏನನ್ನೋ ಕೊಡಬೇಕಾಯಿತು. ಒಂದರಿಂದ ಇನ್ನೊಂದು ಹುಟ್ಟಿತು. ಈ ಘಟನೆಯನ್ನು ಒಳ್ಳೆಯ ನಟಿಯೊಬ್ಬಳಿಗೆ ಕೊಟ್ಟು ನೋಡಿ. ಒಡವೆ ಬಿಚ್ಚುವಾಗ ಆಕೆ ಏನೂ ಮಾಡಬೇಕಾಗಿಲ್ಲ, ಬಿಚ್ಚಿದರೆ ಸಾಕು.

ಹಾಗೆ ನೋಡಿದರೆ ನಟನೆ ಅಂದ ಕೂಡಲೇ ನಮ್ಮಲ್ಲಿ ‘ಶರಪಂಜರ’ದ ಕಲ್ಪನಾ ನೆನಪಾಗುತ್ತಾರೆ. 1971ರ ಸಿನಿಮಾ, ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಅದರ ‘ಕೊಡಗಿನ ಕಾವೇರಿ’ ಹಾಡು ನಮಗಂತೂ ಮನೆಯ ಹಾಡು. ಮಿಮಿಕ್ರಿ ಮಾಡುವವರೆಲ್ಲ ಕಲ್ಪನಾ ಕಿರುಚುವುದನ್ನು ಮಾಡಿ ತೋರಿಸುತ್ತಾರೆ. ಆ ಸಿನಿಮಾದಲ್ಲಿ ನನ್ನನ್ನು ಅಲುಗಾಡಿಸುವುದು ಕಿರುಚಾಟ ಅಲ್ಲ. ಕಲ್ಪನಾ ಮಾಡಿದ ಕಾವೇರಿ ಅನ್ನುವ ಹೆಣ್ಣು ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಸಾಧಾರಣ ಸಿನಿಮಾ ಆಗಿದ್ದರೆ ಅಲ್ಲಿಗೆ ಶುಭಂ. ಪುಟ್ಟಣ್ಣ ಅಲ್ಲಿಂದ ಬಿಗಿ ಮಾಡುತ್ತಾರೆ. ಗುಣವಾದವಳನ್ನು ಗುಣವಾದವಳು ಅಂತ ಒಪ್ಪೋಕೆ ಯಾರೂ ತಯಾರಿಲ್ಲ. ಅವಳು ನಕ್ಕರೂ ಹುಚ್ಚು, ಸಿಟ್ಟು ಮಾಡಿದರೂ ಹುಚ್ಚು. ಗಂಡನ ಮನಸ್ಸು ಬೇರೆ ಕಡೆ ಹೋಗಿದೆ. ಇಷ್ಟೂ ನಮಗೆ ಗೊತ್ತು, ಹೆಜ್ಜೆ ಹೆಜ್ಜೆಯಾಗಿ ಗೊತ್ತಾಗಿದೆ. ಅದಕ್ಕೇ ಕೊನೆಯಲ್ಲಿ ಅವಳು ಕಿರುಚಿದಾಗ ನಾವು ‘ಎಂಥ ನಟನೆ’ ಅಂತ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಅವಳ ಪರವಾಗಿ ನಮಗೇ ಕಿರುಚಬೇಕು ಅನ್ನಿಸುತ್ತದೆ. ಮೊದಲು ನೋಡಿದ ಆ ಚಂದದ ಹಾಡು ಆಗ ನೆನಪಾಗಿ ಚುಚ್ಚುತ್ತದೆ. ಹಾಡಿನ ಚೆಲುವು ಅಲ್ಲಿಗೆ ಕೆಲಸಕ್ಕೆ ಬಂತು.

ದುರ್ಬಲ ಚಿತ್ರಕಥೆ ಸಿಕ್ಕಿದ ಒಳ್ಳೆಯ ನಟ ಏನು ಮಾಡುತ್ತಾನೆ ಗೊತ್ತಾ? ಜಾಸ್ತಿ ಮಾಡುತ್ತಾನೆ. ಬರೆಯದೇ ಬಿಟ್ಟಿದ್ದನ್ನೆಲ್ಲ ತನ್ನ ಮುಖದಲ್ಲೇ ತುಂಬಿಸೋಕೆ ನೋಡುತ್ತಾನೆ. ನಾವು ಅದನ್ನು ನೋಡಿ ಪ್ರಶಸ್ತಿ ಕೊಡಬೇಕು ಅನ್ನುತ್ತೇವೆ. ನನಗೆ ಅಲ್ಲಿ ಕಾಣುವುದು ಒಬ್ಬನೇ ಮೂರು ಜನರ ಕೆಲಸ ಮಾಡುತ್ತಿರುವ ದೃಶ್ಯ.

ಕೆಲವರು ವಾದ ಮಾಡುತ್ತಾರೆ. ಸಿನಿಮಾ ದೃಶ್ಯ ಮಾಧ್ಯಮ, ಕಥೆ ಬೇಕಾದರೆ ಕಾದಂಬರಿ ಓದಿ ಅಂತ. ಈ ವಾದದಲ್ಲಿ ಸತ್ಯ ಇದೆ, ನಾನು ತಳ್ಳಿಹಾಕುವುದಿಲ್ಲ. ಆದರೆ ದೃಶ್ಯವೇ ಕಥೆ ಹೇಳಬಲ್ಲದು ಅನ್ನೋದಾದರೆ ಹೇಳಲಿ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ನೋಡಿ. ನಾ. ಡಿಸೋಜ ಅವರ ಕಾದಂಬರಿ, 2002ರಲ್ಲಿ ಬಂದ ಸಿನಿಮಾ. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲೂ ಮಳೆಯೋ ಮಳೆ. ಅಣೆಕಟ್ಟಿನ ನೀರು ಏರುತ್ತಿದೆ, ಊರು ಖಾಲಿಯಾಗಿದೆ, ಒಂದು ಕುಟುಂಬ ಮಾತ್ರ ಉಳಿದಿದೆ. ಸೌಂದರ್ಯ ಮಾಡಿದ ನಾಗಿಗೆ ಆ ಮನೆ ಉಳಿಸಬೇಕು. ಇಲ್ಲಿ ಪ್ರತಿ ಮಳೆಯ ಶಾಟ್ ನಮಗೆ ಒಂದು ಸುದ್ದಿ. ನೀರು ಎಲ್ಲಿಗೆ ಬಂತು? ಮಾತು ತುಂಬಾ ಕಡಿಮೆ, ನಡೆ ತುಂಬಾ ನಿಧಾನ. ಆದರೂ ಕಥನ ಒಂದು ಕ್ಷಣವೂ ಸಡಿಲವಾಗುವುದಿಲ್ಲ, ಯಾಕೆಂದರೆ ನೀರು ನಿಂತಿಲ್ಲ. ನಿಧಾನವಾಗಿರುವುದಕ್ಕೂ ದುರ್ಬಲವಾಗಿರುವುದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ದುಡ್ಡು, ಪ್ರತಿಭೆ ಎಲ್ಲ ಇರುವವರೂ ಇಲ್ಲಿ ಯಾಕೆ ಎಡವುತ್ತಾರೆ? ನನಗೆ ತೋಚುವ ದೊಡ್ಡ ಕಾರಣ, ಚಂದದ ಶಾಟ್ ಆ ಕ್ಷಣವೇ ಮಾನಿಟರಿನಲ್ಲಿ ಕಾಣುತ್ತದೆ. ಒಳ್ಳೆಯ ನಟನೆ ಸೆಟ್ಟಿನಲ್ಲೇ ಚಪ್ಪಾಳೆ ಗಿಟ್ಟಿಸುತ್ತದೆ. ಕಥೆಯ ತೂತು ಆಗ ಕಾಣುವುದಿಲ್ಲ. ಅದು ಕಾಣುವುದು ಎಲ್ಲ ಜೋಡಿಸಿ, ಏನೂ ಗೊತ್ತಿಲ್ಲದ ಒಬ್ಬ ಪ್ರೇಕ್ಷಕ ಕೂತು ನೋಡಿದಾಗ. ಅಷ್ಟೊತ್ತಿಗೆ ಲೊಕೇಶನ್ ಬಿಟ್ಟು ಬಂದಾಗಿದೆ, ನಟರ ಡೇಟ್ಸ್ ಮುಗಿದಿದೆ. ಇನ್ನೊಂದು ಕಾರಣ, ಬರೆದವರಿಗೆ ತಮ್ಮ ಪಾತ್ರದ ಹಿಂದುಮುಂದು ಎಲ್ಲ ಗೊತ್ತಿರುತ್ತದೆ. ನಮಗೂ ಗೊತ್ತಿದೆ ಅಂತಲೇ ಅಂದುಕೊಂಡುಬಿಡುತ್ತಾರೆ.

ನಿಮ್ಮಲ್ಲಿ ತುಂಬಾ ಜನ ಮೊಬೈಲಿನಲ್ಲೇ ಕಿರುಚಿತ್ರ ಮಾಡುತ್ತಿದ್ದೀರಿ. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯವರೂ ಬಂದಿದ್ದೀರಿ. ನಮಗೆ ಒಂದು ಕಷ್ಟ ಇದೆ. ನಾವಿರುವ ಜಾಗ ಎಲ್ಲಿ ಕ್ಯಾಮರಾ ಇಟ್ಟರೂ ಚಂದ. ಬಯಲುಸೀಮೆಯ ಹುಡುಗ ಒಂದು ಫ್ರೇಮಿಗೆ ಒದ್ದಾಡಬೇಕು, ನಮಗೆ ಅದು ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದನ್ನು ನಂಬಿ ಕೂತರೆ ಕಥೆಗೆ ಬೆವರು ಹರಿಸುವ ಅಭ್ಯಾಸವೇ ಆಗುವುದಿಲ್ಲ. ಆದರೆ ಕಥೆಗೇನು ಬರ? ತೋಟದ ಕೆಲಸದವರ ಲೈನ್ ಮನೆಯಲ್ಲಿ ಈ ಸೀಸನ್ನಿಗೆ ಅಸ್ಸಾಮಿನಿಂದ ಬಂದ ಕುಟುಂಬ ಇದೆ. ಅವರ ಮಗು ಶಾಲೆಗೆ ಹೋಗಬೇಕಾ, ಹೋದರೆ ಯಾವ ಭಾಷೆಯಲ್ಲಿ? ಹಿರಿಯರ ಕಾಲದ ಐನ್‌ಮನೆಯ ಮಾಡು ಸೋರುತ್ತಿದೆ. ಒಕ್ಕದ, ಅಂದರೆ ಆ ಮನೆತನದ, ಹತ್ತು ಮನೆಯವರು ಹತ್ತು ಊರಲ್ಲಿದ್ದಾರೆ, ರಿಪೇರಿಗೆ ಯಾರು ದುಡ್ಡು ಹಾಕಬೇಕು? ಆನೆ ರಾತ್ರಿ ತೋಟಕ್ಕೆ ಬಂದಿದೆ, ಬೆಳಿಗ್ಗೆ ಏಳಕ್ಕೆ ಕೆಲಸದವರನ್ನು ಕಳಿಸಬೇಕಾ ಬೇಡ್ವಾ ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರು ತೀರ್ಮಾನ ಮಾಡಬೇಕು. ಇವೆಲ್ಲ ನಿಮ್ಮ ಮನೆ ಸುತ್ತಲಿನ ಸಂಗತಿ. ಇದರಲ್ಲಿ ಒಂದನ್ನು ಹಿಡಿದು, ಫೋಟೋ ತೋರಿಸದೆ, ಬರೀ ಬಾಯಲ್ಲಿ ಒಬ್ಬರಿಗೆ ಹೇಳಿ ನೋಡಿ. ಅವರು ಎಲ್ಲಿ ‘ಆಮೇಲೆ?’ ಅನ್ನುತ್ತಾರೆ, ಎಲ್ಲಿ ಮೊಬೈಲ್ ತೆಗೆಯುತ್ತಾರೆ, ಗಮನಿಸಿ. ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಡಿದು ಹಾಡುವ ನಮ್ಮ ಹಾಡುಗಾರರು ಗಂಟೆಗಟ್ಟಲೆ ಕಥೆ ಹೇಳುತ್ತಿದ್ದದ್ದು ಹಾಗೇ, ಕೇಳುವವರ ಮುಖ ನೋಡಿಕೊಂಡು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಅಂಥ ಹಾಡುಗಳನ್ನು ‘ಪಟ್ಟೋಲೆ ಪಳಮೆ’ ಅನ್ನುವ ಪುಸ್ತಕದಲ್ಲಿ ಕೂಡಿಸಿಟ್ಟರು. ಒಂದು ಚಿತ್ರವೂ ಬೇಕಾಗಿಲ್ಲ, ಓದುತ್ತಾ ಹೋದರೆ ಜನ ಕಣ್ಣೆದುರು ಬರುತ್ತಾರೆ.

ಮಾತು ಇಲ್ಲಿಗೆ ನಿಲ್ಲಿಸಿ, ಪ್ರಶ್ನೆ ಕೇಳಬಹುದು ಅಂದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತರು. ‘ಸರ್, ನನ್ನ ಕಿರುಚಿತ್ರ ಮಂಜಿನ ಶಾಟಿನಿಂದ ಶುರುವಾಗುತ್ತೆ. ಒಂದೂವರೆ ನಿಮಿಷ ಇದೆ. ನೀವು ಹೇಳೋದು ಕೇಳಿದ್ರೆ ತೆಗೆದುಬಿಡಬೇಕಾ ಅನ್ನಿಸ್ತಿದೆ. ಅದೇ ನನ್ನ ಬೆಸ್ಟ್ ಶಾಟ್.’

ಆ ಮಂಜಿನಲ್ಲಿ ಯಾರಿದ್ದಾರೆ ಅಂತ ಕೇಳಿದೆ. ಅಜ್ಜಿ ಇದ್ದಾರೆ, ರಸ್ತೆ ಬದಿಯಲ್ಲಿ ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತಿದ್ದಾರೆ ಅಂದರು. ಯಾಕೆ ಕಾಯುತ್ತಿದ್ದಾರೆ? ತೋಟ ಮಾರುವ ಪತ್ರಕ್ಕೆ ಅವತ್ತು ಸಹಿ ಹಾಕಬೇಕು, ಹತ್ತು ಗಂಟೆಯೊಳಗೆ ಮಡಿಕೇರಿಯ ಆಫೀಸಿನಲ್ಲಿರಬೇಕು. ಮಕ್ಕಳು ಹೇಳಿದ್ದಾರೆ, ಅಜ್ಜಿಗೆ ಮನಸ್ಸಿಲ್ಲ. ಇದು ನೋಡುವವರಿಗೆ ಯಾವಾಗ ಗೊತ್ತಾಗುತ್ತದೆ ಅಂದೆ. ಕೊನೆಯಲ್ಲಿ, ಸರ್ ಅಂದರು.

ನಾನು ಹೇಳಿದೆ: ಶಾಟ್ ಕಿತ್ತುಹಾಕಬೇಡಿ, ಒಂದೂವರೆ ನಿಮಿಷವೂ ಇರಲಿ. ಆದರೆ ಅದಕ್ಕೆ ಮೊದಲು ಹಿಂದಿನ ರಾತ್ರಿಯ ಒಂದು ದೃಶ್ಯ ಬರಲಿ. ಅಡುಗೆಮನೆಯಲ್ಲಿ ಮಗ ‘ಅವ್ವ, ನಾಳೆ ಮೊದಲ ಬಸ್ಸಿಗೇ ಬಾ’ ಅಂತ ಹೇಳಿ ಹೋಗಲಿ. ಆಮೇಲೆ ನಿಮ್ಮ ಮಂಜು ಬರಲಿ. ಬಸ್ಸು ಬರೋದು ಕಾಣದಷ್ಟು ದಟ್ಟವಾಗಿದ್ದರೆ ಇನ್ನೂ ಒಳ್ಳೆಯದು. ಆಗ ಆ ಬಸ್ಸು ಬರಲಿ ಅಂತ ಬೇಡಿಕೊಳ್ಳಬೇಕಾ, ಬಾರದೇ ಇರಲಿ ಅಂತ ಬೇಡಿಕೊಳ್ಳಬೇಕಾ ಅಂತ ನೋಡುವವರು ಒದ್ದಾಡುತ್ತಾರೆ. ನಿಮ್ಮ ಅಜ್ಜಿ ಸುಮ್ನೆ ನಿಂತರೆ ಸಾಕು, ಆಕ್ಟಿಂಗ್ ಮಾಡಿಸೋಕೆ ಹೋಗಬೇಡಿ.